ಕ್ಯಾಮೆರಾಗೆ ಹೇಳಿ ಹೋದವರು

ನಮ್ಮ ಹಿಟ್ಟಿನ ಮಿಲ್ಲಿನ ಜಗಲಿಯಲ್ಲಿ ಈಗಲೂ ಒಂದು ಕ್ಯಾಮೆರಾ ನೇತಾಡುತ್ತಿದೆ. ಅದಕ್ಕೆ ಕರೆಂಟ್ ಇಲ್ಲ, ಸಿಮ್ಮಿಗೆ ರೀಚಾರ್ಜ್ ಇಲ್ಲ, ಜೇಡ ಅದರ ಕುತ್ತಿಗೆಗೆ ಬಲೆ ಕಟ್ಟಿ ಸಂಸಾರ ಹೂಡಿದೆ. ತೆಗೆಯಬೇಕಾದರೆ ಏಣಿ ಹಾಕಬೇಕು, ಏಣಿ ಹಾಕಬೇಕಾದವನು ನನ್ನ ತಮ್ಮ, ಅವನಿಗೆ ಪುರುಸೊತ್ತಿಲ್ಲ. ಹಾಕುವ ದಿನ ಮಾತ್ರ ಸಕಲೇಶಪುರದ ತನ್ನ ಮೊಬೈಲ್ ಅಂಗಡಿಯ ಬಾಗಿಲೆಳೆದುಕೊಂಡು ಓಡಿ ಬಂದಿದ್ದ. ಕೇಳಿದವರಿಗೆಲ್ಲ ಅದು ಕೆಟ್ಟಿದೆ ಅನ್ನುತ್ತೇನೆ. ಕೆಟ್ಟಿಲ್ಲ. ಅದರ ದೆಸೆಯಿಂದ ಏನೂ ತಪ್ಪು ಮಾಡದ ಒಬ್ಬ ಹೆಂಗಸಿನ ಹೆಸರು ಕೆಟ್ಟಿತು. ಆಮೇಲೆ ನಾನೇ ಅದರ ಕಣ್ಣು ಮುಚ್ಚಿಸಿದೆ.

ಮಿಲ್ಲು ಅಪ್ಪನ ಕಾಲದ್ದು. ಆಲೂರಿನಿಂದ ಮಗ್ಗೆ ಕಡೆಗೆ ಹೋಗುವ ರಸ್ತೆಗೆ ತಾಗಿಕೊಂಡಿದೆ. ಎರಡು ಮಿಷನ್ನು, ಒಂದು ಅಕ್ಕಿ, ರಾಗಿ, ಗೋಧಿಗೆ, ಇನ್ನೊಂದು ಖಾರದ ಪುಡಿಗೆ. ಅವು ತಿರುಗಬೇಕಾದರೆ ತ್ರೀ ಫೇಸ್ ಕರೆಂಟ್ ಬೇಕು. ಆ ಕರೆಂಟ್ ಒಂದು ವಾರ ಬೆಳಿಗ್ಗೆ ಬಂದರೆ ಇನ್ನೊಂದು ವಾರ ಮಧ್ಯಾಹ್ನ ಬರುತ್ತದೆ, ಗಾಳಿ ಜೋರಾಗಿ ಬೀಸಿದರೆ ಬರುವುದೇ ಇಲ್ಲ. ಊರಿನ ಹೆಂಗಸರಿಗೋ ಬೆಳಗಾಗುತ್ತಲೇ ಎಸ್ಟೇಟಿನ ಜೀಪು ಹಿಡಿಯುವ ಗಡಿಬಿಡಿ. ಕರೆಂಟಿಗೆ ಕಾದು ಕೂತರೆ ಕೂಲಿ ಹೋಯಿತು. ಹಾಗಾಗಿ ಜೀಪು ಹತ್ತುವ ಮುಂಚೆ ಮಿಲ್ಲಿನ ಜಗಲಿ ಮೇಲೆ ಡಬ್ಬ ಇಟ್ಟು ಹೋಗುತ್ತಾರೆ. ಕರೆಂಟ್ ಬಂದಾಗ ನಾನು ಬೀಸಿ, ಅದೇ ಡಬ್ಬಕ್ಕೆ ತುಂಬಿ, ಮತ್ತೆ ಜಗಲಿಗೇ ತಂದಿಡುತ್ತೇನೆ. ಸಂಜೆ ಬಂದವರು ಎತ್ತಿಕೊಂಡು ಹೋಗುತ್ತಾರೆ. ನಾನು ಇರಲಿ, ಇಲ್ಲದಿರಲಿ, ಜಗಲಿಗೆ ಬಾಗಿಲಿಲ್ಲ. ಅಪ್ಪ ಕೂಡ ಹಾಕಿಸಿರಲಿಲ್ಲ.

ಯಾರಿಗೆ ಹೇಗೆ ಬೀಸಬೇಕು ಅನ್ನುವುದಕ್ಕೂ ಒಂದು ಕ್ರಮವಿತ್ತು. ನಮ್ಮಲ್ಲಿ ರೊಟ್ಟಿಗೆ ಅಕ್ಕಿ ಹಿಟ್ಟು ನುಣ್ಣಗಿರಬೇಕು, ಕಡುಬಿಗೆ ತರಿತರಿ ಇರಬೇಕು. ಡಬ್ಬದ ಮುಚ್ಚಳದ ಮೇಲೆ ಒಂದು ಎಲೆ ಇಟ್ಟಿದ್ದರೆ ನುಣ್ಣಗೆ ಅಂತ ಅರ್ಥ. ಸಣ್ಣ ಕಲ್ಲು ಇಟ್ಟಿದ್ದರೆ ತರಿ. ಎಲೆಯ ಮೇಲೆ ಕಲ್ಲು ಇದ್ದರೆ ಅರ್ಧ ಹಾಗೆ, ಅರ್ಧ ಹೀಗೆ. ಕಾಫಿ ಎಲೆಯೋ ಹಲಸಿನ ಎಲೆಯೋ, ದಾರಿಯಲ್ಲಿ ಸಿಕ್ಕಿದ್ದು. ಇದನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ, ನಾನು ಲಂಗ ಹಾಕುವ ಕಾಲದಲ್ಲೇ ಇತ್ತು. ಒಂದು ದಿನವೂ ಎಡವಟ್ಟಾದದ್ದು ನೆನಪಿಲ್ಲ.

ಎಡವಟ್ಟಾದದ್ದು ಡಬ್ಬದ ವಿಷಯದಲ್ಲಿ, ಅದೂ ಒಮ್ಮೆ, ಜೋರು ಮಳೆಗಾಲದಲ್ಲಿ. ಒಂದೇ ಅಂಗಡಿಯಲ್ಲಿ ಕೊಂಡ ಎರಡು ಸ್ಟೀಲ್ ಡಬ್ಬ ಪಕ್ಕಪಕ್ಕ ಕೂತಿದ್ದವು. ಒಬ್ಬರ ರಾಗಿ ಹಿಟ್ಟು ಇನ್ನೊಬ್ಬರ ಮನೆಗೆ ಹೋಯಿತು. ಮಾರನೆಯ ದಿನವೇ ಇಬ್ಬರೂ ಡಬ್ಬ ಬದಲಾಯಿಸಿಕೊಂಡು, ನಿಮ್ಮ ರಾಗಿ ಚೆನ್ನಾಗಿತ್ತು ಕಣ್ರೀ ಎಂದು ನಗಾಡಿಕೊಂಡು ಹೋದರು. ಅಲ್ಲಿಗೆ ಮುಗಿಯಬೇಕಿತ್ತು. ನನ್ನ ಬಾಯಿ ಸುಮ್ಮನಿರದೆ ತಮ್ಮನಿಗೆ ಫೋನಿನಲ್ಲಿ ಹೇಳಿತು.

ಮುಂದಿನ ಭಾನುವಾರ ಅವನು ಒಂದು ಡಬ್ಬಿ ಹಿಡಿದುಕೊಂಡು ಬಂದ.

"ಅಕ್ಕಾ, ಈ ಕಾಲ್ದಲ್ಲಿ ಕ್ಯಾಮೆರಾ ಇಲ್ದೆ ಬಿಸಿನೆಸ್ ಮಾಡೋರು ಯಾರವ್ರೆ ಹೇಳು. ನಮ್ ರೋಡಲ್ಲಿ ಇಸ್ತ್ರಿ ಅಂಗ್ಡಿಗೂ ಹಾಕ್ಕೊಟ್ಟೆ."

"ಇಲ್ಲಿ ಕದಿಯೋಕೆ ಏನೈತೋ, ರಾಗಿಹಿಟ್ಟಾ?"

"ಕದಿಯೋಕಲ್ಲ ಕಣಕ್ಕ. ಪ್ರೂಫ್‌ಗೆ."

ಪ್ರೂಫ್ ಅನ್ನುವ ಪದ ಅವನ ಬಾಯಿಂದ ಆವತ್ತು ಹೊರಟಿದ್ದು, ಆಮೇಲೆ ನಿಲ್ಲಲೇ ಇಲ್ಲ. ತಂದಿದ್ದು ಬಲ್ಬ್ ಹೋಲ್ಡರಿಗೆ ತಿರುಗಿಸಿ ಕೂರಿಸುವಂಥ ಕ್ಯಾಮೆರಾ. ಮನೆಮಂದಿ ನಡುಮನೆಯಲ್ಲಿ ಹಾಕಿಕೊಂಡು ಮಗುವನ್ನೋ ನಾಯಿಯನ್ನೋ ನೋಡಿಕೊಳ್ಳಲಿ ಅಂತ ಮಾಡಿದ್ದು, ಹಿಟ್ಟಿನ ಮಿಲ್ಲಿಗಲ್ಲ. ಗುಂಡು ತಲೆ, ಒಂದೇ ಕಣ್ಣು. ಯಾರಾದರೂ ಓಡಾಡಿದರೆ ಆ ಕಡೆಗೆ ತಾನೇ ತಲೆ ತಿರುಗಿಸುತ್ತದೆ. ಜಗಲಿಯಲ್ಲಿದ್ದ ಒಂದೇ ಬಲ್ಬನ್ನು ತೆಗೆದು ಅಲ್ಲಿ ಇದನ್ನು ಕೂರಿಸಿದ. ಅಲ್ಲಿಗೆ ಮೊದಲು ಕಳೆದುಕೊಂಡದ್ದು ಬೆಳಕು.

ಆ ಬಲ್ಬಿನ ಸ್ವಿಚ್ಚು ಜಗಲಿಯ ಕಂಬದಲ್ಲಿದೆ. ಊರಿನ ಹಿರಿಯರು ಯಾರೇ ಬರಲಿ, ಹಗಲು ಹೊತ್ತಿನಲ್ಲಿ ಸ್ವಿಚ್ಚು ಕೆಳಗಿರುವುದು ಕಂಡರೆ ಕೈ ತಾನಾಗಿ ಹೋಗುತ್ತದೆ. "ಸುಮ್ನೆ ಯಾಕೆ ಉರಿಸ್ತೀರಿ" ಅಂತ ಟಕ್ಕನೆ ಆರಿಸುವುದು. ಕ್ಯಾಮೆರಾ ಸತ್ತು ಹೋಗುವುದು. ಅಂಗಡಿಯಲ್ಲಿ ಕೂತ ತಮ್ಮ ಫೋನ್ ಮಾಡುವುದು: "ಅಕ್ಕಾ, ಆಫ್‌ಲೈನ್ ಆಗೈತೆ ನೋಡು." ನಾನು ಹಿಟ್ಟಿನ ಕೈಯಲ್ಲಿ ಓಡಿ ಬಂದು ಹಾಕುವುದು. ಸ್ವಿಚ್ಚಿನ ಮೇಲೆ ಬಿಳಿ ಟೇಪು ಅಂಟಿಸಿದೆ. ಟೇಪು ಯಾಕೆ ಅಂತ ಬಿಚ್ಚಿ ನೋಡಿ ಆರಿಸಿದರು.

ಇನ್ನು ಹಿಟ್ಟಿನ ಧೂಳು. ಮಿಷನ್ ಶುರುವಾದರೆ ಗೋಡೆ, ತೊಲೆ, ನನ್ನ ಹುಬ್ಬು ಎಲ್ಲ ಬೆಳ್ಳಗಾಗುತ್ತದೆ. ಕ್ಯಾಮೆರಾದ ಕಣ್ಣೇನು ಬೇರೆಯೇ? ಎರಡು ದಿನಕ್ಕೊಮ್ಮೆ ಕೋಲಿಗೆ ಬಟ್ಟೆ ಸುತ್ತಿ ಒರೆಸದಿದ್ದರೆ ಅದರೊಳಗೆ ಕಾಣುವುದೆಲ್ಲ ಮಾರ್ಗಶಿರದ ಮಂಜು. ಅದಕ್ಕೆ ಮನುಷ್ಯರನ್ನು ಗುರುತಿಸುವ ಬುದ್ಧಿ ಇದೆ ಅಂತ ತಮ್ಮ ಹೇಳಿದ್ದ. ಮಳೆಗಾಲವೆಲ್ಲ ಅದು ಗುರುತಿಸಿದ ಮನುಷ್ಯ ಯಾರೆಂದರೆ ಮೊಳೆಗೆ ನೇತು ಹಾಕಿದ್ದ ನನ್ನ ರೇನ್‌ಕೋಟು. ಗಾಳಿಗೆ ಅದು ಅಲ್ಲಾಡಿದಾಗೆಲ್ಲ ನನ್ನ ಫೋನು ಟಿಣ್ ಅನ್ನುತ್ತಿತ್ತು: ಯಾರೋ ಬಂದಿದ್ದಾರೆ. ನಿಜವಾಗಿ ಯಾರಾದರೂ ಬಂದು ಅಕ್ಕಾ ಎಂದು ಕೂಗುತ್ತಿದ್ದರೆ ಅದು ತೆಪ್ಪಗಿರುತ್ತಿತ್ತು. ನನ್ನ ತಲೆ ಕೆಟ್ಟು ಮೊಸರು ಗಡಿಗೆಯಾಯಿತು.

ಇಷ್ಟರಲ್ಲೇ ಇದ್ದಿದ್ದರೆ ಹಾಳಾಗಿ ಹೋಗಲಿ ಅಂತ ಬಿಡುತ್ತಿದ್ದೆ. ಅದು ಮಾತಾಡುತ್ತಿತ್ತು ಕೂಡ. ಒಂದು ದಿನ ಗಿರಾಕಿಯೊಬ್ಬರು, ವಯಸ್ಸಾದವರು, ರಾಗಿ ಡಬ್ಬವನ್ನು ಜಗಲಿಯ ಅಂಚಿಗೆ ಇಟ್ಟು ತಿರುಗಿದರು. ಸಕಲೇಶಪುರದಲ್ಲಿ ಕೂತು ಇದನ್ನು ನೋಡುತ್ತಿದ್ದ ನನ್ನ ತಮ್ಮ ಬಲ್ಬಿನೊಳಗಿಂದ ಕೂಗಿದ: "ಡಬ್ಬ ಒಳಗಡೆ ಸರ್ಸಿ ಮಾರಾಯ್ರೇ, ಮಳೆ ಇರ್ಚಲು ಹೊಡಿತೈತೆ!" ಅವರು ಬೆಚ್ಚಿ ಬಿದ್ದು, ಸುತ್ತ ನೋಡಿ, ಕೊನೆಗೆ ಬಲ್ಬಿಗೇ ಕೈ ಮುಗಿದು ಡಬ್ಬ ಸರಿಸಿದರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು, ಮಿಲ್ಲಿನ ಬಲ್ಬು ಮಾತಾಡುತ್ತದೆ.

ಮಾತಾಡುವುದಷ್ಟೇ ಅಲ್ಲ, ಕೇಳುತ್ತದೆ ಅನ್ನುವುದು ನನಗೆ ಗೊತ್ತಾದದ್ದು ನನ್ನ ತಮ್ಮ ಮನೆಗೆ ಬಂದು ಯಾರದೋ ಸೊಸೆ ತವರಿಗೆ ಹೋದ ಕತೆಯನ್ನು ನನಗೇ ಹೇಳಿದಾಗ. ನನಗೆ ಮೈಯೆಲ್ಲ ಉರಿದು ಹೋಯಿತು. ಬಿಸಿ ಹಿಟ್ಟು ಆರುವವರೆಗೆ ಹೆಂಗಸರು ಕಾಲು ಚಾಚಿ ಕೂತು ಮನಸ್ಸು ಹಗುರ ಮಾಡಿಕೊಳ್ಳುವ ಜಾಗ ಆ ಜಗಲಿ. ಮನೆಯಲ್ಲಿ ಅತ್ತೆ, ತೋಟದಲ್ಲಿ ಮೇಸ್ತ್ರಿ, ಅವರಿಗೆ ಬೇರೆ ಜಾಗ ಎಲ್ಲಿದೆ? ಆವತ್ತೇ ಅವನ ಫೋನು ಕಿತ್ತುಕೊಂಡು, ನನ್ನ ಕಣ್ಣೆದುರಿಗೆ ಅದರ ದನಿಯನ್ನೂ ಕಿವಿಯನ್ನೂ ಎರಡನ್ನೂ ಬಂದ್ ಮಾಡಿಸಿದೆ. ಅಂದಿನಿಂದ ಅದು ಬರೀ ನೋಡುವ ಕ್ಯಾಮೆರಾ ಆಯಿತು.

ಆದರೆ ತಲೆ ತಿರುಗಿಸುವುದನ್ನು ಬಿಡಲಿಲ್ಲ. ಬಂದವರ ಕಡೆಗೆ ತಲೆ ತಿರುಗಿಸಿ, ಮುಂದೆ ನಿಂತವರನ್ನೇ ದಿಟ್ಟಿಸಿ ನೋಡುತ್ತಿತ್ತು. ಹಾಗೆ ನೋಡುವವರ ಎದುರು ಮಾತಾಡದೆ ಹೋಗುವುದು ನಮ್ಮವರಿಗೆ ಬರುವುದಿಲ್ಲ. ಡಬ್ಬ ಇಟ್ಟವರು ಮುಖವೆತ್ತಿ ಅದಕ್ಕೆ ಹೇಳಿ ಹೋಗುವುದಕ್ಕೆ ಶುರು ಮಾಡಿದರು. ನುಣ್ಣಗೆ ಬೀಸಕ್ಕ. ರೊಟ್ಟಿಗೆ ಕಣಕ್ಕ. ನಾಳಿದ್ದು ಬರ್ತೀನಿ ಕಣಕ್ಕ, ಇವತ್ತು ಮಗಳ ಮನೆಗೆ ಹೋಗ್ತಿವ್ನಿ. ಎಲೆ ಇಲ್ಲ, ಕಲ್ಲು ಇಲ್ಲ. ಹೇಳಿದ ಮೇಲೆ ಎಲೆ ಯಾಕೆ?

ನಾನು ಬಾಯಿ ನೋಯುವಷ್ಟು ಹೇಳಿದೆ. ಅದಕ್ಕೆ ಕೇಳಿಸುವುದಿಲ್ಲ, ನಾನೇ ಕಿವಿ ಮುಚ್ಚಿಸಿದ್ದೇನೆ, ದಯವಿಟ್ಟು ಎಲೆ ಇಡಿ ಎಂದು ಒಬ್ಬೊಬ್ಬರಿಗೂ ಹೇಳಿದೆ.

"ಕೇಳ್ಸಲ್ಲ ಅಂತೀಯಲ್ಲಕ್ಕ, ಮತ್ತೆ ನಾನ್ ಮಾತಾಡುವಾಗ ನನ್ ಕಡೀಕೇ ತಿರುಗ್ತದಲ್ಲ?" ಅಂದಳು ಒಬ್ಬಳು.

ಕಡುಬಿಗೆ ತಂದ ಅಕ್ಕಿಯನ್ನು ನುಣ್ಣಗೆ ಬೀಸಿ ಬೈಸಿಕೊಂಡೆ. "ಕ್ಯಾಮೆರಾಗೆ ಹೇಳೋಗಿದ್ನಲ್ಲ!" ರೊಟ್ಟಿಗೆ ತಂದದ್ದನ್ನು ತರಿ ಮಾಡಿ ಬೈಸಿಕೊಂಡೆ. "ಅದ್ರ ಮುಂದೆ ನಿಂತು ಹೇಳಿದ್ನಲ್ಲ!" ಕೊನೆಗೆ ಕರೆಂಟ್ ಬರುವ ಮುಂಚೆ ಫೋನು ಹಿಡಿದು ಕೂತು, ಬೆಳಗಿನ ವಿಡಿಯೋವನ್ನೆಲ್ಲ ನೋಡುವುದು ನನ್ನ ದಿನದ ಕೆಲಸವಾಯಿತು. ಮೂಕಿ ಸಿನಿಮಾ. ಬಾಯಿ ಅಲ್ಲಾಡುತ್ತದೆ, ಕೈ ಅಲ್ಲಾಡುತ್ತದೆ. ಹೆಬ್ಬೆರಳಿಗೂ ತೋರುಬೆರಳಿಗೂ ತಿಕ್ಕಿದರೆ ನುಣ್ಣಗೆ. ಅಂಗೈಯಲ್ಲಿ ಉಂಡೆ ಕಟ್ಟಿ ತೋರಿಸಿದರೆ ಕಡುಬು. ಹೆಗಲ ಹಿಂದಕ್ಕೆ ಕೈ ಎಸೆದರೆ ನಾಳೆ ಬರುತ್ತಾರೆ ಅಂತ. ಅಪ್ಪ ಎಲೆ ನೋಡಿ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತಿದ್ದ ಕೆಲಸಕ್ಕೆ ನಾನು ಕನ್ನಡಕ ಹಾಕಿಕೊಂಡು ಬೆಳಗೆಲ್ಲ ಕೂರುವಂತಾಯಿತು. ಇದಕ್ಕೆ ತಮ್ಮ ಇಟ್ಟ ಹೆಸರು ಅನುಕೂಲ.

ಹೀಗೆ ಕಾಫಿ ಹಣ್ಣು ಕೊಯ್ಯುವ ಕಾಲ ಬಂತು. ಆ ಹೊತ್ತಿನಲ್ಲಿ ಊರಿಗೆ ಊರೇ ಜೀಪು ಹತ್ತುತ್ತದೆ. ಜೀಪಿನಲ್ಲಿ ಹೋಗುವವರಲ್ಲಿ ಕೆರೆಯ ಆಚೆ ಮನೆಯ ಒಬ್ಬಳಿದ್ದಾಳೆ, ನನಗಿಂತ ಚಿಕ್ಕವಳು. ಸೀರೆಯ ಮೇಲೆ ಗಂಡನ ನೀಲಿ ಗೆರೆಯ ಫುಲ್ ಶರ್ಟ್ ತೊಟ್ಟು, ತಲೆಗೆ ಟವೆಲ್ ಸುತ್ತಿಕೊಂಡು ಹೋಗುವವಳು. ಅವಳ ಡಬ್ಬದ ಹಿಡಿಗೆ ಕೆಂಪು ದಾರ ಕಟ್ಟಿದೆ. ಬಸುರಿಯದೋ ಬಾಣಂತಿಯದೋ ಮುದುಕರದೋ ಡಬ್ಬ ಜಗಲಿಯಲ್ಲಿ ಕಂಡರೆ ತನ್ನದರ ಜೊತೆ ಅದನ್ನೂ ಹೊತ್ತು, ಹೋಗುವ ದಾರಿಯಲ್ಲಿ ಅವರ ಮನೆಗೆ ಇಳಿಸಿ ಹೋಗುವ ಅಭ್ಯಾಸ ಅವಳಿಗೆ. ನನಗೆ ಗೊತ್ತಿತ್ತು, ಊರಿಗೆ ಗೊತ್ತಿತ್ತು. ನಾನಿದ್ದರೆ ನನಗೆ ಹೇಳಿ ಒಯ್ಯುತ್ತಿದ್ದಳು.

ಆ ದಿನ ನಾನಿರಲಿಲ್ಲ. ಮಿಷನ್ನಿನ ಬೆಲ್ಟು ಕಿತ್ತು ಹೋಗುವ ಹಾಗಿತ್ತು. ಬೀಸುವುದನ್ನೆಲ್ಲ ಬೀಸಿ, ಡಬ್ಬಗಳನ್ನು ಜಗಲಿಯಲ್ಲಿ ಸಾಲಾಗಿ ಇಟ್ಟು, ಹೊಸ ಬೆಲ್ಟು ತರಲು ಮಧ್ಯಾಹ್ನದ ಬಸ್ಸಿಗೆ ಸಕಲೇಶಪುರಕ್ಕೆ ಹೋದೆ. ಬರುವಾಗ ಕತ್ತಲಾಗಿತ್ತು, ಜಗಲಿ ಖಾಲಿಯಾಗಿತ್ತು.

ಮಾರನೆಯ ಬೆಳಿಗ್ಗೆ ದಿಣ್ಣೆ ಮನೆಯ ಅಜ್ಜಿಯ ಮಗ ಬಂದ. ಅಜ್ಜಿಗೆ ಜ್ವರ ಏರಿ ಹಿಂದಿನ ಸಂಜೆ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದನಂತೆ. ಈಗ ವಾಪಸ್ ಕರೆತಂದು, ಅಮ್ಮನಿಗೆ ಗಂಜಿಗೆ ಅಂತ ಅಕ್ಕಿ ತರಿಯ ಡಬ್ಬ ಒಯ್ಯಲು ಬಂದಿದ್ದಾನೆ. ಡಬ್ಬ ಇಲ್ಲ. ಅಜ್ಜಿಯ ಗಂಡನ ಹೆಸರು ಕೆತ್ತಿಸಿದ್ದ ಹಳೆಯ ಡಬ್ಬ. ತರಿ ಹೋದರೆ ಹೋಗಲಿ, ಡಬ್ಬ ಹೋಯಿತು ಅಂದರೆ ಅಮ್ಮ ಮಲಗಿದಲ್ಲೇ ಕೊರಗುತ್ತಾರೆ ಅಂದ. ನನ್ನ ಫೋನಿನಲ್ಲಿ ಆ ಕ್ಯಾಮೆರಾದ ಆ್ಯಪ್ ಆವತ್ತೇ ಪಾಸ್‌ವರ್ಡ್ ಕೇಳುತ್ತ ಮುನಿಸಿಕೊಂಡು ಕೂತಿತ್ತು. ತಮ್ಮನಿಗೆ ಫೋನ್ ಮಾಡಿ, ನಿನ್ನೆ ಸಂಜೆ ಅಜ್ಜಿಯ ಡಬ್ಬ ಯಾರು ಒಯ್ದರು ನೋಡಿ ನನಗೆ ಹೇಳು ಅಂದೆ. ನನಗೆ ಹೇಳು ಅಂದೆ. ಇದನ್ನು ಎಷ್ಟು ಸಲ ಬೇಕಾದರೂ ಒತ್ತಿ ಹೇಳುತ್ತೇನೆ.

ಅವನು ನನಗೆ ಹೇಳಲಿಲ್ಲ. ಊರಿನ ವಾಟ್ಸಾಪ್ ಗ್ರೂಪಿಗೆ ಹೇಳಿದ. ನೀಲಿ ಗೆರೆಯ ಶರ್ಟಿನವಳು ಎರಡು ಡಬ್ಬ ಎತ್ತಿಕೊಂಡು ಜಗಲಿ ಇಳಿದು ಹೋಗುವಷ್ಟನ್ನು ಮಾತ್ರ ಕತ್ತರಿಸಿ ಹಾಕಿ, ಕೆಳಗೆ ಬರೆದ: ಮಿಲ್ಲಿನಿಂದ ಬೇರೆಯವರ ಡಬ್ಬ ಒಯ್ದವರು ತಕ್ಷಣ ವಾಪಸ್ ಇಡುವುದು. ಪ್ರೂಫ್ ಇದೆ.

ನಾನು ಬೆಲ್ಟು ಕೂರಿಸುವುದರಲ್ಲಿದ್ದೆ. ಕೈ ತೊಳೆದು ಫೋನು ನೋಡುವಷ್ಟರಲ್ಲಿ ಅದರ ಕೆಳಗೆ ಜನ ಹಬ್ಬ ಮಾಡಿಬಿಟ್ಟಿದ್ದರು. ಕಾಲ ಕೆಟ್ಟಿತು ಅಂದವರು, ಮೊನ್ನೆ ನಮ್ಮನೆ ಬಕೆಟ್ಟೂ ಹೋಗಿತ್ತು ಅಂದವರು, ಮುಖ ನೋಡಿದರೆ ಹೇಳೋಕಾಗಲ್ಲ ಅಂದವರು. ಅವರಲ್ಲಿ ಒಬ್ಬಳಿಗೆ ಬಾಣಂತನದ ಉದ್ದಕ್ಕೂ ಹಿಟ್ಟು ಹೊತ್ತು ತಂದುಕೊಟ್ಟವಳು ಇದೇ ನೀಲಿ ಶರ್ಟಿನವಳು. ನನಗೆ ಕಿರುಚಬೇಕು ಅನ್ನಿಸಿತು. ಅವಳಿಗೆ ಫೋನ್ ಮಾಡಿದೆ, ತೋಟದ ಇಳಿಜಾರಿನಲ್ಲಿ ಸಿಗ್ನಲ್ ಇಲ್ಲ. ತಮ್ಮನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಗಿರಾಕಿ ಇದ್ದರಂತೆ.

ಸಂಜೆ ಅವಳು ಜೀಪು ಇಳಿದವಳೇ ಮನೆಗೆ ಹೋಗದೆ ನೇರ ಮಿಲ್ಲಿಗೆ ಬಂದಳು. ತಲೆಯ ಟವೆಲನ್ನೂ ಬಿಚ್ಚಿರಲಿಲ್ಲ. ಹಿಟ್ಟಿಗೆ ಬಂದವರು ಜಗಲಿಯ ತುಂಬ ಇದ್ದರು. ಒಬ್ಬರೂ ಜಾಗ ಬಿಟ್ಟು ಸರಿಯಲಿಲ್ಲ, ಒಬ್ಬರೂ ಬಾ ಅನ್ನಲಿಲ್ಲ. ಅವಳು ಮೆಟ್ಟಿಲ ಕೆಳಗೇ ನಿಂತು ಬಲ್ಬಿನ ಕಡೆಗೆ ಕೈ ತೋರಿಸಿದಳು. ಅದು ಅವಳ ಕಡೆಗೆ ತಲೆ ತಿರುಗಿಸಿತು.

"ನಾನು ಹೇಳೇ ಹೋಗಿದ್ನಲ್ಲಕ್ಕ. ಇದ್ರ ಮುಂದೆ ನಿಂತು ಹೇಳಿದ್ನಲ್ಲ! ಅಜ್ಜೀಗೆ ಜ್ವರ ಐತೆ, ಡಬ್ಬ ನಾನೇ ಕೊಟ್ಬುಡ್ತೀನಿ ಅಂತ. ಅಲ್ಲೋದ್ರೆ ಮನೆ ಬೀಗ. ಬಾಗ್ಲಲ್ಲಿ ಇಟ್ರೆ ಮಂಗ ಚೆಲ್ಲಾಡ್ತವೆ ಅಂತ ನಮ್ಮನೇಗೆ ತಕಂಡೋಗಿ ಇಟ್ಟಿವ್ನಿ. ಬೆಳಗ್ಗೆ ಜೀಪ್ ಬಂದ್ಬುಡ್ತು, ಸಂಜೆ ಕೊಟ್ರಾಯ್ತು ಅಂದ್ಕಂಡೆ."

"ನಂಗೊತ್ತು ಕಣೇ, ನೀನು ಅಂಥೋಳಲ್ಲ" ಅಂದೆ.

"ನಿಮ್ಗೊತ್ತಿದ್ರೆ ಏನಾಯ್ತಕ್ಕ? ಜೀಪಲ್ಲಿ ಎಲ್ರೂ ಫೋನ್ ನೋಡ್ಕಂಡು ನನ್ ಮುಖ ನೋಡೋರು. ಯಾಕೆ ಅಂತ ನಂಗೇ ಗೊತ್ತಿಲ್ಲ. ಇಳಿಯುವಾಗ ಮೇಸ್ತ್ರಿ ವಿಡಿಯೋ ತೋರ್ಸಿ, ಸ್ವಲ್ಪ ದಿನ ಬರ್ಬೇಡ ಅಂದ್ಬುಟ್ಟ. ಕಣದಲ್ಲಿ ಕಾಫಿ ಇರ್ತದೆ, ಓನರ್ ಕೇಳಿದ್ರೆ ನಾನೇನ್ ಹೇಳ್ಲಿ ಅಂದ."

ಅಷ್ಟು ಹೇಳಿ ಅತ್ತಳು. ವರ್ಷದ ಕೂಲಿ ಎಂದರೆ ಆ ಕೊಯ್ಲಿನ ಕೂಲಿಯೇ. ಒಂದು ಜೀಪಿನ ಮೇಸ್ತ್ರಿ ಬೇಡ ಅಂದವಳನ್ನು ಇನ್ನೊಂದು ಜೀಪಿನವನು ಹತ್ತಿಸಿಕೊಳ್ಳುವುದಿಲ್ಲ. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಆದರೂ ಎಲ್ಲರೂ ತಂತಮ್ಮ ಡಬ್ಬಗಳನ್ನೇ ನೋಡುತ್ತ ಕೂತಿದ್ದರು.

ತಮ್ಮನನ್ನು ಆ ಕ್ಷಣವೇ ಬರ ಹೇಳಿದೆ. ಬಂದ. ಕತ್ತರಿಸದ ವಿಡಿಯೋವನ್ನು ಮೊದಲಿಂದ ಹಾಕಿಸಿದೆ. ಮೂಕಿ ಸಿನಿಮಾ ಓದಿ ಓದಿ ಪಳಗಿದ್ದ ನನಗೆ ಕಿವಿ ಬೇಕಾಗಲಿಲ್ಲ. ಅವಳು ಡಬ್ಬ ಮುಟ್ಟುವ ಮೊದಲು ಕ್ಯಾಮೆರಾದ ಎದುರು ಬಂದು ಸರಿಯಾಗಿ ನಿಂತಿದ್ದಾಳೆ. ಟವೆಲ್ ಸರಿ ಮಾಡಿಕೊಂಡಿದ್ದಾಳೆ, ದೊಡ್ಡವರ ಮುಂದೆ ಮಾತಾಡುವ ಮೊದಲು ಮಾಡುತ್ತಾರಲ್ಲ ಹಾಗೆ. ಅಜ್ಜಿಯ ಡಬ್ಬ ತೋರಿಸಿ, ದಿಣ್ಣೆಯ ಕಡೆಗೆ ಕೈ ನೀಡಿ, ಹಣೆಗೆ ಅಂಗೈ ಇಟ್ಟು ಜ್ವರ ಅಂದಿದ್ದಾಳೆ. ತನ್ನ ಎದೆ ಮುಟ್ಟಿಕೊಂಡು, ನಾನು ಕೊಡುತ್ತೇನೆ ಅಂದಿದ್ದಾಳೆ. ಆಮೇಲೆ ಒಂದು ಗಳಿಗೆ ಹಾಗೇ ಮುಖವೆತ್ತಿ ನಿಂತಿದ್ದಾಳೆ. ಆಗಲಿ ಅಂತ ಯಾರಾದರೂ ಹೇಳುತ್ತಾರೇನೋ ಅಂತ ಕಾದ ಹಾಗೆ.

"ಇದನ್ಯಾಕೆ ಕತ್ತರಿಸ್ದೆ?" ಅಂದೆ.

"ಅಷ್ಟುದ್ದ ವಿಡಿಯೋ ಯಾರ್ ನೋಡ್ತಾರಕ್ಕ? ಮೇನ್ ಪಾಯಿಂಟ್ ಮಾತ್ರ ಇಟ್ಟೆ."

ಮಿಲ್ಲಿನಲ್ಲಿ ಹಿಟ್ಟು ಗುಡಿಸುವ ಪೊರಕೆ ಇದೆ. ಅವನಿಗೆ ಮದುವೆಯಾಗಿದೆ, ಮಕ್ಕಳಿವೆ, ಅದೊಂದೇ ಕಾರಣಕ್ಕೆ ಪೊರಕೆ ಅದರ ಜಾಗದಲ್ಲೇ ಉಳಿಯಿತು. ಅವಳೆದುರಿಗೆ ಅವನಿಂದ ತಪ್ಪಾಯಿತು ಅನ್ನಿಸಿದೆ. ಅಂದ, ಫೋನು ನೋಡುತ್ತಲೇ ಅಂದ. ಮೊದಲಿನ ವಿಡಿಯೋವನ್ನು ಎಲ್ಲರಿಗೂ ಡಿಲೀಟ್ ಮಾಡಿದ್ದೇನೆ ಅಂತ ಹೆಮ್ಮೆಯಿಂದ ತೋರಿಸಿದ. ಅಷ್ಟರಲ್ಲಿ ಅದು ಬೇರೆ ಊರುಗಳ ಗ್ರೂಪುಗಳಿಗೆ ದಾಟಿ ಹೋಗಿತ್ತು. ಹೆಗ್ಗದ್ದೆಯಿಂದ ನಮ್ಮ ಅತ್ತಿಗೆ ಫೋನ್ ಮಾಡಿ, "ನಿಮ್ ಮಿಲ್ಲಲ್ಲಿ ಕಳ್ಳಿ ಸಿಕ್ಕಿದ್ಳಂತಲ್ಲ, ಒಳ್ಳೇದಾಯ್ತು ಕ್ಯಾಮೆರಾ ಹಾಕ್ಸಿದ್ದು" ಅಂದರು. ನಾನು ಇಡೀ ಕತೆ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡು, "ಏನೋಪ್ಪ, ಎತ್ಕಂಡೋಗಿದ್ದು ಕಾಣ್ತಿತ್ತಲ್ಲ" ಅಂದರು.

ಪೂರ್ತಿ ವಿಡಿಯೋವನ್ನು ವಿವರಣೆ ಸಮೇತ ಗ್ರೂಪಿಗೆ ಹಾಕಿಸಿದೆ. ಅದರ ಕೆಳಗೆ ಕೆಲವರು ಹೆಬ್ಬೆರಳು ಎತ್ತಿದರು, ಕೆಲವರು ಕೈ ಮುಗಿದರು. ಅದನ್ನು ಯಾರೂ ಯಾರಿಗೂ ಕಳಿಸಲಿಲ್ಲ. ತಮ್ಮ ಒಂದು ಮಾತಿನಲ್ಲಿ ಮಾತ್ರ ಸರಿಯಾಗಿದ್ದ, ಅಷ್ಟುದ್ದದ್ದನ್ನು ಯಾರೂ ನೋಡಲಿಲ್ಲ.

ಮಾರನೆಯ ಬೆಳಿಗ್ಗೆ ಜೀಪು ನಿಲ್ಲುವ ಜಾಗಕ್ಕೆ ನಾನೇ ಹೋದೆ. ನನಗಿಂತ ಮೊದಲೇ ದಿಣ್ಣೆ ಮನೆಯ ಅಜ್ಜಿ ಕಂಬಳಿ ಹೊದ್ದು, ಮಗನ ತೋಳು ಹಿಡಿದು, ನೀಲಿ ಶರ್ಟಿನವಳನ್ನೂ ಕರೆದುಕೊಂಡು ಬಂದು ನಿಂತಿದ್ದರು. ಆಸ್ಪತ್ರೆಯವರು ಕೈಗೆ ಅಂಟಿಸಿದ್ದ ಹತ್ತಿಯನ್ನೂ ತೆಗೆದಿರಲಿಲ್ಲ.

"ನನ್ ಡಬ್ಬ ನನಗೆ ಬಂದೈತೆ ಕಣಪ್ಪ" ಅಂದರು ಮೇಸ್ತ್ರಿಗೆ. "ನಾನೇ ಹೇಳ್ತಿವ್ನಿ. ಇವಳನ್ನ ಹತ್ತಿಸ್ಕೊ."

ಮೇಸ್ತ್ರಿ ಕೆಟ್ಟವನಲ್ಲ, ಪುಕ್ಕಲ. "ನಂದೇನೈತೆ ಅಮ್ಮಾ, ವಿಡಿಯೋದಲ್ಲಿ ಹಂಗೆ ಬಂತಲ್ಲ. ಓನರ್ರೂ ನೋಡವ್ರೆ" ಅಂತ ಗೊಣಗಿದ. ನಾನು ಫೋನು ತೆಗೆದು ಪೂರ್ತಿ ವಿಡಿಯೋ ಅವನ ಮೂಗಿನ ಮುಂದೆ ಹಿಡಿದೆ, ಅರ್ಥ ಹೇಳುತ್ತ ಹೋದೆ, ಇಲ್ಲಿ ಜ್ವರ ಅಂತಾಳೆ ನೋಡು, ಇಲ್ಲಿ ದಿಣ್ಣೆ ತೋರಿಸುತ್ತಾಳೆ ನೋಡು ಎಂದು. ಅವನು ಅರ್ಧಕ್ಕೇ, "ಆಯ್ತು ಬುಡಿ ಅಕ್ಕ, ಲೇಟಾಯ್ತದೆ" ಅಂದ. ಅವಳನ್ನು ಹತ್ತಿಸಿಕೊಂಡ. ಅವಳು ಹಿಂದಿನ ಸೀಟಿನ ತುದಿಯಲ್ಲಿ ಕೂತು, ಜೀಪು ತಿರುಗುವವರೆಗೂ ಅಜ್ಜಿಯನ್ನೇ ನೋಡುತ್ತಿದ್ದಳು. ಕೆಲಸ ಉಳಿಯಿತು. ಆದರೆ ಆ ಕೊಯ್ಲು ಮುಗಿಯುವವರೆಗೂ ಸಂಜೆ ಜೀಪು ಹತ್ತುವ ಮುಂಚೆ ಅವಳೊಬ್ಬಳ ಬುತ್ತಿ ಚೀಲವನ್ನು ಬಿಚ್ಚಿಸಿ ನೋಡುತ್ತಿದ್ದರಂತೆ. ಇದನ್ನು ಅವಳು ಹೇಳಲಿಲ್ಲ, ಅದೇ ಜೀಪಿನ ಇನ್ನೊಬ್ಬಳು ಹೇಳಿದಳು.

ಜೀಪಿನ ಜಾಗದಿಂದ ಮಿಲ್ಲಿಗೆ ಬಂದವಳೇ ಸ್ವಿಚ್ಚು ಆರಿಸಿದೆ. ಅದರ ತಂತಿಯನ್ನೇ ಒಳಗಿನ ಬೋರ್ಡಿನಿಂದ ಬಿಡಿಸಿದೆ. ಕಂಬದ ಮೇಲೆ ಇನ್ನೊಂದು ಬಲ್ಬ್ ಹಾಕಿಸಿದೆ, ಬೆಳಕು ಕೊಡುವ ಬಲ್ಬು. ಎಲೆ ಇಡಿ, ಕಲ್ಲು ಇಡಿ, ಇಲ್ಲದಿದ್ದರೆ ಬೀಸುವುದಿಲ್ಲ ಅಂತ ಎಲ್ಲರಿಗೂ ಖಡಾಖಂಡಿತವಾಗಿ ಹೇಳಿದೆ. ಕೆಲವರು ಮರೆತು ಇನ್ನೂ ಆ ಸತ್ತ ತಲೆಗೇ ಹೇಳಿ ಹೋಗುತ್ತಿದ್ದರು. ಅದು ತಿರುಗದಿರುವುದನ್ನು ನೋಡಿ ನೋಡಿ ಮೆಲ್ಲಗೆ ಎಲೆ ವಾಪಸ್ ಬಂತು, ಕಲ್ಲೂ ಬಂತು. ತಮ್ಮನಿಗೆ ಬೇಜಾರಾಯಿತು. ಸೌಂಡ್ ಆನ್ ಮಾಡಿಬಿಟ್ಟರೆ ಈ ಪ್ರಾಬ್ಲಮ್ಮೇ ಬರುವುದಿಲ್ಲ, ಇನ್ನೊಂದು ಚಾನ್ಸ್ ಕೊಡಕ್ಕ ಅನ್ನುತ್ತಾನೆ. ಏಣಿ ಹಾಕಿ ಅದನ್ನು ಬಿಚ್ಚು ಅಂದರೆ ಪುರುಸೊತ್ತಿಲ್ಲ.

ಅವಳು ಬಹಳ ದಿನ ಮಿಲ್ಲಿಗೆ ಬರಲಿಲ್ಲ. ಗಂಡನ ಕೈಯಲ್ಲಿ ಡಬ್ಬ ಕಳಿಸುತ್ತಿದ್ದಳು. ನಾನೇ ಒಂದು ದಿನ ಕೆರೆಯ ಆಚೆ ಹೋಗಿ ಅವಳ ಮನೆಯ ಕಟ್ಟೆಯ ಮೇಲೆ ಕೂತೆ. ಕಾಫಿ ಕೊಟ್ಟಳು. ಬಾರೇ ಮಾರಾಯ್ತಿ, ನೀನು ಬರದಿದ್ದರೆ ನನಗೆ ಸರಿಹೋಗುವುದಿಲ್ಲ ಅಂದೆ. ಬರ್ತೀನಿ ಬುಡಿ ಅಂದಳು.

ಬಂದಳು. ಈಗ ವಾರಕ್ಕೊಮ್ಮೆ ಬರುತ್ತಾಳೆ. ಯಾರ ಡಬ್ಬವನ್ನೂ ಮುಟ್ಟುವುದಿಲ್ಲ. ದಿಣ್ಣೆಯ ಅಜ್ಜಿ ಕೂಗಿ ಕರೆದು, ನಂದೂ ತಂದ್ಕೊಡೇ ಅಂದರೂ ಸೊಂಟ ನೋವು ಅಂತ ತಪ್ಪಿಸಿಕೊಳ್ಳುತ್ತಾಳೆ. ಅಜ್ಜಿಯ ಡಬ್ಬವನ್ನು ಈಗ ಅವರ ಮಗ ಬಂದು ಒಯ್ಯುತ್ತಾನೆ, ಒಮ್ಮೊಮ್ಮೆ ಮರೆಯುತ್ತಾನೆ. ಅವಳು ತನ್ನ ಹಿಟ್ಟು ಆದ ಮೇಲೆ ಡಬ್ಬ ಎತ್ತಿಕೊಂಡು, ಹಿಟ್ಟಿಗೆ ಕಾದು ಗೋಡೆಗೊರಗಿ ಕೂತವರನ್ನು ಹಿಂದೆ ಬಿಟ್ಟು ಜಗಲಿಯ ನಡುವಿಗೆ ಬರುತ್ತಾಳೆ. ಮುಖವೆತ್ತಿ, ಆ ಸತ್ತ ಕ್ಯಾಮೆರಾದ ಮುಂದೆ ಡಬ್ಬವನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ಹಿಡಿಯ ಕೆಂಪು ದಾರ ಕಾಣುವ ಹಾಗೆ ತಿರುಗಿಸಿ ತೋರಿಸುತ್ತಾಳೆ. ಆಮೇಲೆ ಮೆಟ್ಟಿಲಿಳಿಯುತ್ತಾಳೆ. ಪ್ರತಿ ಸಲವೂ ಹೀಗೇ.

ಮೊದಲ ಸಲ ಅವಳಿಗೆ ಗೊತ್ತಿಲ್ಲವೇನೋ ಅಂದುಕೊಂಡೆ. ಎರಡನೆಯ ಸಲ ತಡೆಯಲಾಗದೆ ಹತ್ತಿರ ಹೋಗಿ, "ಅದು ಆಫ್ ಆಗೈತೆ ಕಣೇ. ತಂತೀನೂ ಕಿತ್ತಾಕಿವ್ನಿ. ಅದಕ್ಕೇನೂ ಕಾಣಲ್ಲ" ಅಂದೆ.

ಅವಳು ಡಬ್ಬ ಕೆಳಗಿಳಿಸಲಿಲ್ಲ.

"ಗೊತ್ತಕ್ಕ" ಅಂದಳು. "ನಾನು ತೋರಿಸ್ತಿರೋದು ನನ್ ಹಿಂದೆ ಕೂತಿರೋರಿಗೆ."